ಹೋಗುವುದು ಕೆಂಪು, ಬರುವುದು ಹಳದಿ

೨ ಸೆಪ್ಟೆಂಬರ್ ೧೯೪೬, ಸೋಮವಾರ

ಇವತ್ತೂ ಶೆಡ್ಡಿಗೆ. ಊಟ ಮುಗಿಸಿ ಟಾಂಗಾ ಹಿಡಿದು ಪುಣೆಯ ಹೊರಗೆ ಹಡಪಸರದ ರಸ್ತೆ. ಮಳೆ ನಿಂತಿದೆ, ಕೆಸರು ಹೋಗಿಲ್ಲ. ಗಾಡಿಯೊಳಗೆ ಕುಳಿತು ಎರಡು ತಾಸು ಬಡಗಿಯ ಗರಗಸ ಕೇಳಿದೆ. ಎರಡು ಹಲಗೆ ಮಂಚಗಳಾಗಿವೆ — ಒಂದು ಡಾಕ್ಟರಿಗೆ, ಒಂದು ನನಗೆ. ನಡುವೆ ಹೆರಿಗೆಯ ಮೇಜು. ಯುದ್ಧದಲ್ಲಿ ಗಾಯಾಳುಗಳನ್ನು ಒಯ್ಯುತ್ತಿದ್ದ ಮಿಲಿಟರಿ ಗಾಡಿ ಇದು. ಖಡಕಿಯ ಹರಾಜಿನಲ್ಲಿ ನಮ್ಮ ಟ್ರಸ್ಟಿಗೆ ಸಿಕ್ಕಿತು. ದಸರೆಗೆ ಟ್ರಯಲ್. ದೀಪಾವಳಿ ಆದಮೇಲೆ ಇಂದಾಪುರದ ಕಡೆಗೆ, ಕಬ್ಬಿನ ಹಳ್ಳಿಗಳಿಗೆ. ಆಮೇಲೆ ತಿಂಗಳಿಗೆ ಇಪ್ಪತ್ತು ದಿನ ಇದೇ ಮನೆ.

ಕಾಲೇಜಿಗೆ ಆರು ತಿಂಗಳ ಲೀವ್ ಬರೆದುಕೊಟ್ಟಾಗಿದೆ. ಪ್ರಿನ್ಸಿಪಾಲರು ಕೇಳಿದರು — ಗೋದಾಬಾಯಿ, ಎಂ.ಎ. ಆದವರು ಹೆರಿಗೆಯ ಗಾಡಿಯಲ್ಲಿ ಏನು ಮಾಡುತ್ತೀರಿ? ನೀರು ಕಾಯಿಸುತ್ತೇನೆ, ಬಂದವರ ಹೆಸರು ಬರೆದುಕೊಳ್ಳುತ್ತೇನೆ ಎಂದೆ. ಅವರಿಗೆ ಸಾಲಲಿಲ್ಲ. ನನಗೆ ಸಾಕು.

ಸಂಜೆ ಡಾಕ್ಟರ್ ಲೀಲಾಕ್ಷಿ ಬಂದಳು. ಉಡುಪಿಯ ಕಡೆಯ ಹುಡುಗಿ; ಅಣ್ಣ ಕಾಂತಪ್ಪ ಇಲ್ಲಿ ಹೋಟೆಲು ನಡೆಸುತ್ತಾನೆ. ಮೂವತ್ತೈದು ತುಂಬಿಲ್ಲ, ಎಷ್ಟು ಹೆರಿಗೆ ಮಾಡಿಸಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ಬಂದವಳೇ ಮೇಜಿನ ಮೇಲಿನ ಖಾಲಿ ಛಾವಣಿ ನೋಡಿದಳು.

"ನನಗೆ ಇಲ್ಲಿ ಎಲೆಕ್ಟ್ರಿಕ್ ದೀಪ ಬೇಕೇ ಬೇಕು ಮಾರಾಯ್ರೆ. ಕಂದೀಲಿನ ಬೆಳಕಲ್ಲಿ ರಕ್ತ ಕಪ್ಪಾಗಿ ಕಾಣುತ್ತದೆ. ಎಷ್ಟು ಹೋಗ್ತಾ ಉಂಟು, ಹೊಸದೋ ಹಳೆಯದೋ, ಒಂದೂ ಗೊತ್ತಾಗುವುದಿಲ್ಲ. ಒಬ್ಬಳನ್ನು ಹಾಗೇ ಕಳೆದುಕೊಂಡಿದ್ದೇನೆ."

ನನ್ನ ಕಡೆ ತಿರುಗಿ — "ವಾಯರಿಂಗು ನೀವು ನೋಡಿಕೊಳ್ಳಿ. ಕಸೂತಿ ಹಾಕುವವರು, ಬಣ್ಣ ತಿಳಿದ ಜನ ನೀವು."

ಇಷ್ಟು ವರ್ಷ ಬಿಳಿ ಸೀರೆ ಉಟ್ಟವಳಿಗೆ ಹೇಳುತ್ತಾಳೆ. ಒಪ್ಪಿಕೊಂಡೆ.


೫ ಸೆಪ್ಟೆಂಬರ್, ಗುರುವಾರ

ವಾಯರ್‌ಮನ್ ಸಿಕ್ಕ. ಮುರುಗೆಪ್ಪ. ಬೆಳಗಾವಿಯ ಕಡೆಯವನು, ಅರವತ್ತರ ಹತ್ತಿರ. ಮೂವತ್ತು ವರ್ಷದಿಂದ ಇಲ್ಲಿಯ ಮನೆಗಳಿಗೂ ಮೋಟಾರುಗಳಿಗೂ ತಂತಿ ಎಳೆದಿದ್ದಾನೆ. ಇರುವುದು ಬಿಬವೇವಾಡಿಯಲ್ಲಿ, ಹೊಲಗಳ ನಡುವೆ. ನಾನು ಕನ್ನಡ ಮಾತಾಡಿದ್ದೇ ತಡ, ಮರಾಠಿಯನ್ನು ಚಪ್ಪಲಿಯಂತೆ ಬಾಗಿಲ ಹೊರಗೆ ಬಿಟ್ಟ.

"ಅಕ್ಕಾವ್ರ, ಮನೀ ವಾಯರಿಂಗ ಬ್ಯಾರೆ, ಬ್ಯಾಟರೀದ ಬ್ಯಾರೆ. ಬ್ಯಾಟರಿ ಕರೆಂಟಿಗಿ ಒಂದ ದಾರಿ ನೋಡ್ರಿ. ಇಲ್ಲಿಂದ ಹೊಂಟತು, ದೀಪ ಹಚ್ಚಿತು, ಅಲ್ಲಿಂದ ತಿರುಗಿ ಬಂತು. ಹೋಗೂದು ಒಂದು ತಂತಿ, ಬರೂದು ಒಂದು. ಅದಲಿ ಬದಲಿ ಆತಂದ್ರ ಮುಗೀತ ಕಥಿ."

ಮೋಟಾರುಗಳಲ್ಲಿ ಈ ತಿರುಗಿ ಬರುವ ತಂತಿ ಬೇಕಾಗುವುದಿಲ್ಲವಂತೆ. ಕಬ್ಬಿಣದ ಮೈಯೇ ಆ ಕೆಲಸ ಮಾಡುತ್ತದೆ. ನಮ್ಮ ಹಿಂದಿನ ಕೋಣೆ ಕಟ್ಟಿಗೆಯದು. ಅದಕ್ಕೆ ಪ್ರತಿ ದೀಪಕ್ಕೂ ಎರಡು ತಂತಿ, ಬ್ಯಾಟರಿಯವರೆಗೂ ಎರಡು.

"ಬಣ್ಣ ಹೆಂಗ ಮುರುಗೆಪ್ಪ?"

"ಹೋಗೂದು ಕೆಂಪು. ಅದು ಕಾಯ್ದೆ. ಬರೂದು ಕರಿ. ಉಳಿದದ್ದಕ್ಕ ನಿಮ್ಮ ಮನಸಿಗಿ ಬಂದದ್ದು. ಆದ್ರ ಒಮ್ಮೆ ಹಚ್ಚಿದ್ದು ಹಂಗ ಇರಬೇಕ್ರಿ. ನಾಳೆ ನಾ ಸತ್ತ ಮ್ಯಾಲ ಇನ್ನೊಬ್ಬಾಂವ ಬಂದು ಪೆಟಗಿ ತಗದ್ರ ಅವಗ ತಿಳೀಬೇಕ."

ಈ ಕೊನೆಯ ಮಾತು ದಾರಿಯುದ್ದಕ್ಕೂ ಮನಸ್ಸಿನಲ್ಲಿತ್ತು. ಸತ್ತ ಮೇಲೆ ಬರುವವನಿಗಾಗಿ ಬಣ್ಣ ಹಚ್ಚಿಡುವುದು. ಹಳೆಯ ಕವಿಗಳೂ ಅಷ್ಟೇ ಮಾಡಿದ್ದು…


೮ ಸೆಪ್ಟೆಂಬರ್, ರವಿವಾರ

ಜುನಾ ಬಜಾರ. ಯುದ್ಧದ ಸಾಮಾನೆಲ್ಲ ನೆಲದ ಮೇಲೆ — ಬೂಟು, ನೀರಿನ ಬಾಟಲಿ, ಡೇರೆಯ ಬಟ್ಟೆ. ತಂತಿ ಎರಡು ಸುರುಳಿ ಕೊಂಡೆವು. ಮುರುಗೆಪ್ಪ ಒಂದು ತುದಿಯನ್ನು ಹಲ್ಲಿನಿಂದ ಸುಲಿದು ತಾಮ್ರ ನೋಡಿದ.

"ಮಾಲು ಬಂಗಾರ್ರಿ. ಆದ್ರ ಎಲ್ಲಾ ಎಮ್ಮಿ."

ಎಲ್ಲವೂ ಕಪ್ಪು ರಬ್ಬರು. ಬುಧವಾರ ಪೇಠೆಯಲ್ಲಿ ನಾಲ್ಕು ಅಂಗಡಿ ತಿರುಗಿದೆವು. ಬಣ್ಣದ ತಂತಿ ಯುದ್ಧ ಶುರುವಾದಾಗಿನಿಂದ ಬಂದೇ ಇಲ್ಲವಂತೆ.

"ಯಾವ ಎಮ್ಮಿ ಯಾರದು ಅಂತ ಹೆಂಗ ಗುರ್ತ ಹಿಡೀಲಿ?" ಎಂದ.

"ಕೊರಳಿಗೆ ದಾರ ಕಟ್ಟೋಣು," ಎಂದೆ. ತಮಾಷೆಗೆ ಅಂದದ್ದು. ಟಾಂಗಾದಲ್ಲಿ ಬರುವಾಗ ತಮಾಷೆ ಅಲ್ಲ ಎನಿಸಿತು. ಕಸೂತಿಯ ಪೆಟ್ಟಿಗೆ ಇದೆ. ಧಾರವಾಡದಲ್ಲಿ ಅವ್ವ ಕಲಿಸಿದ್ದು. ಪ್ರತಿ ತುದಿಗೆ ಒಂದು ಬೆರಳಗಲ ಬಣ್ಣದ ರೇಶ್ಮೆ ಸುತ್ತಿದರೆ?


೧೧ ಸೆಪ್ಟೆಂಬರ್, ಬುಧವಾರ

ಪೆಟ್ಟಿಗೆ ತೆಗೆದು ರೇಶ್ಮೆಯ ಲಡಿಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿದೆ. ಮಧ್ಯಾಹ್ನವೆಲ್ಲ ಹೋಯಿತು. ಫ್ಯಾನಿಗೆ ಹಸಿರು, ಗಾಳಿಗೆ ಸರಿಯಾಗುತ್ತದೆ. ಮಂಚದ ಮೇಲಿನ ಚಿಕ್ಕ ದೀಪಗಳಿಗೆ ನೀಲಿ. ಡ್ರೈವರನನ್ನು ಕರೆಯುವ ಗಂಟೆಗೆ ಕಿತ್ತಳೆ. ಇದು ಸುಲಭ.

ಹೋಗುವ ತಂತಿಗೆ ಕೆಂಪು. ಅದರ ಮೇಲೆ ನನ್ನ ಅಧಿಕಾರ ಇಲ್ಲ, ಮುರುಗೆಪ್ಪನ ಕಾಯ್ದೆ. ಆದರೂ ಕೆಂಪು ಲಡಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತೆ. ಕೆಂಪೆಂದರೆ ನನಗೆ ಮೊದಲು ಕಣ್ಣಿಗೆ ಬರುವುದು ತಲೆ ಬೋಳಿಸಿಕೊಂಡ ಅಜ್ಜಿ ಉಡುತ್ತಿದ್ದ ಮಾಸಲು ಸೀರೆ. ನನ್ನ ತಮ್ಮನ ಹೆಂಡತಿ ಅಂಬಾಗೆ ಕೆಂಪೆಂದರೆ ಹಣೆ. ಮುರುಗೆಪ್ಪನಿಗೆ ಬ್ಯಾಟರಿಯ ಪ್ಲಸ್ಸು. ಅವನದೇ ಎಲ್ಲಕ್ಕಿಂತ ಹಗುರ.

ಬರುವ ತಂತಿ? ಕಪ್ಪಿನ ಮೇಲೆ ಕಪ್ಪು ಸುತ್ತಿದರೆ ಯಾರಿಗೆ ಕಂಡೀತು. ಬಿಳಿ ಎರಡು ದಿನದಲ್ಲಿ ಮಾಸುತ್ತದೆ. ಉಳಿದದ್ದು ಹಳದಿ. ಹಾಗೇ ಆಗಲಿ. ಹೋಗುವುದು ಕೆಂಪು, ಬರುವುದು ಹಳದಿ. ಕುಂಕುಮ ಅರಿಸಿನ ಜೋಡಿಯೇ ಇರುತ್ತವೆ ಯಾವಾಗಲೂ, ಒಂದೇ ಬಟ್ಟಲಿನ ಎರಡು ಕುಳಿಗಳಲ್ಲಿ. ದೂರದಿಂದ ನೋಡಿದ್ದೇನೆ.


೧೯ ಸೆಪ್ಟೆಂಬರ್, ಗುರುವಾರ

ಹಳದಿ ರೇಶ್ಮೆ ನಾಲ್ಕು ತುದಿಗೇ ಮುಗಿಯಿತು. ಪೇಟೆಯಲ್ಲಿ ಇಲ್ಲ. ದಾರಕ್ಕೂ ರೇಶನ್ ಕಾಲ. ಬಿಳಿ ನೂಲು ಮನೆಯಲ್ಲಿತ್ತು. ಅರಿಸಿನದಲ್ಲಿ ಅದ್ದಿದರಾಯಿತು, ಕಂಕಣದ ದಾರ ಮಾಡುವ ಹಾಗೆ.

ಅಂಬಾಳ ಹತ್ತಿರ ಹೋದೆ. ಅಡಿಗೆಮನೆ ಅವಳದು. ಒಂದು ವಾಟಗ ಅರಿಸಿನ ಕೇಳಿದೆ.

"ಇಷ್ಟ್ಯಾಕ ಅಕ್ಕಾ? ಏನ ಮಾಡ್ತೀರಿ?"

"ದಾರಕ್ಕ."

ಕೊಟ್ಟಳು. ಹಿತ್ತಲಲ್ಲಿ ಕಲ್ಲಿನ ಮೇಲೆ ಕುಳಿತು ಕಲಸಿದೆ, ನೂಲು ಅದ್ದಿದೆ, ಹಿಂಡಿದೆ, ಹಗ್ಗದ ಮೇಲೆ ಹಾಕಿದೆ. ನೋಡಿದರೆ ಎರಡೂ ಕೈ ಮಣಿಕಟ್ಟಿನವರೆಗೆ ಹಳದಿ.

ಒಂಬತ್ತನೆಯ ವರ್ಷಕ್ಕೆ ನನ್ನ ಕುಂಕುಮ ಅಳಿಸಿದರು. ಅಪ್ಪ ತಲೆಗೆ ಕೈ ಹಚ್ಚಗೊಡಲಿಲ್ಲ. ಪುಣೆಗೆ ತಂದು ಶಾಲೆಗೆ ಹಾಕಿದರು. ಶಾಲೆ, ಹಾಸ್ಟೆಲು, ಕಾಲೇಜು. ಅರಿಸಿನ ಮುಟ್ಟುವ ಪ್ರಸಂಗವೇ ಬರಲಿಲ್ಲ. ಮೂವತ್ತೊಂಬತ್ತು ವರ್ಷ.

ಅಂಬಾ ಬಾಗಿಲಿಗೆ ಬಂದು ನಿಂತು ನೋಡಿದಳು. "ಕೈ ತೊಳಕೋರಿ ಅಕ್ಕಾ. ಎದುರ ಮನೀ ಕಾಕು ಬರೂ ಹೊತ್ತು." ಬೈಗುಳವಲ್ಲ. ಕೊಡೆ ತಗೊಂಡು ಹೋಗಿ ಎಂದು ಹೇಳಿದ ಹಾಗೆ ಹೇಳಿದಳು.

ತೊಳೆದೆ. ಬರಿ ನೀರಿಗೆ ಹೋಗಲಿಲ್ಲ. ಸಾಬೂನು ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.


೨೮ ಸೆಪ್ಟೆಂಬರ್, ಶನಿವಾರ

ಒಂಬತ್ತು ದಿನ ಬರೆದಿಲ್ಲ. ಬೆರಳು ದಾರದಲ್ಲೇ ಇದ್ದವು. ಅರವತ್ತೆಂಟು ತುದಿ. ಮೂರು ಸುತ್ತು, ನಾಲ್ಕು ಸುತ್ತು, ಮತ್ತೆ ಮೂರು, ನಾಲ್ಕು — ಭಾಮಿನಿ ಷಟ್ಪದಿಯ ನಡಿಗೆ. ಲಯ ತಪ್ಪದಿದ್ದರೆ ದಾರ ತಾನೇ ಒತ್ತಾಗಿ ಕೂರುತ್ತದೆ.

ಇವತ್ತು ದೀಪ ಹತ್ತಿತು. ಸ್ವಿಚ್ಚು ನಾನೇ ಒತ್ತಿದೆ. ಲೀಲಾಕ್ಷಿ ಮೇಜಿನ ಮೇಲೆ ಅಂಗೈ ಒಡ್ಡಿ, ಗೆರೆಗಳನ್ನು ನೋಡಿಕೊಂಡು, "ಆಯ್ತು. ಇನ್ನು ನನಗೆ ಹೆದರಿಕೆ ಇಲ್ಲ," ಎಂದಳು.

ಮುರುಗೆಪ್ಪ ಬ್ಯಾಟರಿಯ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ನನ್ನ ದಾರಗಳನ್ನು ನೋಡುತ್ತಿದ್ದ. "ಮೂವತ್ತ ವರ್ಷದಾಗ ಇಂಥಾ ಚಂದನ ವಾಯರಿಂಗ ನೋಡಿಲ್ರಿ. ಮದುವಿ ಹಂದರ ಆಗೇತಿ." ದಾರದ ಮೇಲೆ ಅರಗಿನ ವಾರ್ನಿಶ್ ಬಳಿಯಬೇಕು. ಟ್ರಯಲ್ ಆದ ಮೇಲೆ, ಏನಾದರೂ ಬದಲಿಸುವುದಿದ್ದರೆ ಎಂದು ಬಿಟ್ಟಿದ್ದೇವೆ.


೩ ಅಕ್ಟೋಬರ್, ಗುರುವಾರ

ಬ್ಯಾಟರಿ ಚಾರ್ಜಿಗೆ ಹೋಯಿತು. ಪೆಟ್ಟಿಗೆಯಲ್ಲಿ ಆಸಿಡ್ ಚೆಲ್ಲಿತ್ತು. ಒಗೆಯುವ ಸೋಡಾ ಹಾಕಿ ತಿಕ್ಕಲು ಲೀಲಾಕ್ಷಿ ಹೇಳಿದಳು. ನಮ್ಮ ದಾಯಿ ಗಂಗೂಬಾಯಿ ಸೊಲ್ಲಾಪುರದವಳು, ಹೇಳಿದ್ದಕ್ಕಿಂತ ಹತ್ತು ಪಟ್ಟು ಮಾಡುತ್ತಾಳೆ. ಎರಡು ಬಕೆಟ್ಟು ಬಿಸಿನೀರು, ಸೋಡಾ. ಪೆಟ್ಟಿಗೆ, ಗೋಡೆ, ಛಾವಣಿ, ಮೂಲೆ ಮೂಲೆ. "ಬಾಯೀ, ಕೂಸು ಹುಟ್ಟೂ ಜಾಗಾ. ದೇವರ ಮನೀ ಆಗಬೇಕ." ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು.

ಮರದ ಕೆಳಗೆ ಕುಳಿತು ಓದಿದೆ. ಒಳ್ಳೆಯ ಗಾಳಿ.


೫ ಅಕ್ಟೋಬರ್, ಶನಿವಾರ. ದಸರೆ

ಆಗಲಿಲ್ಲ. ನಾಳೆ ಬರೆಯುತ್ತೇನೆ.


೬ ಅಕ್ಟೋಬರ್, ರವಿವಾರ

ನಿನ್ನೆ ಬೆಳಿಗ್ಗೆ ಟ್ರಸ್ಟಿನವರೆಲ್ಲ ಬಂದಿದ್ದರು. ಗಾಡಿಗೆ ಹೂವಿನ ಮಾಲೆ. ಬ್ಯಾಟರಿ ಆಗಷ್ಟೇ ಚಾರ್ಜಾಗಿ ಬಂದಿತ್ತು. ಮುರುಗೆಪ್ಪ ಪೆಟ್ಟಿಗೆಯೊಳಗೆ ತಲೆ ಹಾಕಿ ದಪ್ಪನೆಯ ಎರಡು ತಂತಿ ಬಿಗಿದ. ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ನಾನು ಗಮನಿಸಿದ್ದೆ, ಕೇಳಲಿಲ್ಲ.

ಡ್ರೈವರು ಇಂಜಿನ್ ಶುರು ಮಾಡಿದ. ನೂರು ಗಜ ಹೋಗಿರಲಿಲ್ಲ. ಸುಟ್ಟ ರಬ್ಬರಿನ ವಾಸನೆ, ಪೆಟ್ಟಿಗೆಯಿಂದ ಹೊಗೆ. ಎಲ್ಲರೂ ಇಳಿದು ಓಡಿದೆವು. ಮರಳು ಹಾಕಿ ಆರಿಸಿದರು. ಬ್ಯಾಟರಿಯ ತಂತಿಗಳು ಅದಲು ಬದಲು. ಪೆಟ್ಟಿಗೆಯಲ್ಲಿದ್ದ ತುದಿಗಳೆಲ್ಲ ಕರಿದಾಗಿವೆ.

ಕಾರ್ಯದರ್ಶಿಗಳು ಕೂಗಾಡಿದರು. ಮುರುಗೆಪ್ಪ ಮರಳಿನ ಮೇಲೆ ನಿಂತು ಕಣ್ಣು ಪಿಳುಕಿಸುತ್ತಿದ್ದ.

"ಎರಡೂ ಕೆಂಪ ಕಂಡುವ್ರಿ ನನಗ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೇಳಿದೆ — ಇಲ್ಲ. ಒಂದಕ್ಕೆ ಹಳದಿಯನ್ನೇ ಕಟ್ಟಿದ್ದೇನೆ, ನನ್ನ ಕೈಯಾರೆ.

ಸತ್ಯವೇ. ಆದರೆ ಅದನ್ನು ಕೇಳಿ ಅವನ ಮುಖ ಹೇಗಾಯಿತು ಎಂದರೆ… "ಹಂಗಾರ ನನ್ನ ಕಣ್ಣ ಹೋದುವ್ರಿ ಅಕ್ಕಾವ್ರ," ಎಂದ. ಕೂಗಿಯೂ ಹೇಳಲಿಲ್ಲ. ಸಾಮಾನಿನ ಚೀಲ ಅಲ್ಲೇ ಬಿಟ್ಟು ರಸ್ತೆ ಹಿಡಿದ. ಬಲಗೈಯಿಂದ ಬೇಲಿ ಸವರುತ್ತ ಹೋಗುತ್ತಿದ್ದ, ಆಗಲೇ ಏನೂ ಕಾಣದವನ ಹಾಗೆ.


೧೪ ಅಕ್ಟೋಬರ್, ಸೋಮವಾರ

ಕಮಿಟಿಯ ನಿರ್ಣಯ: ಮುರುಗೆಪ್ಪನನ್ನು ಮತ್ತೆ ಗಾಡಿಯ ಹತ್ತಿರ ಸೇರಿಸಬಾರದು. ತಿಂಗಳ ಕೊನೆಯೊಳಗೆ ಬೇರೆ ವಾಯರ್‌ಮನ್ ಸಿಗದಿದ್ದರೆ ಗಾಡಿ ಮಾರುವುದು. ಕೊಳ್ಳಲು ಕಲ್ಲಿದ್ದಲಿನ ವ್ಯಾಪಾರಿ ಒಬ್ಬ ತಯಾರಿದ್ದಾನಂತೆ.

ಪೇಠೆಯ ಮೂವರನ್ನು ಕೇಳಿದೆ. ಸುಟ್ಟ ಗಾಡಿ ಎಂದ ಕೂಡಲೆ ಕೈ ಮುಗಿಯುತ್ತಾರೆ. ಬಿಬವೇವಾಡಿಗೆ ಹೇಳಿಕಳಿಸಿದೆ. ಮುರುಗೆಪ್ಪನ ಹೆಂಡತಿಯ ಉತ್ತರ: ಅವನು ಹೊರಗೆ ಬರುವುದಿಲ್ಲ, ಯಾವ ಕೆಲಸಕ್ಕೂ ಬರುವುದಿಲ್ಲ.

ಸುಳ್ಳು ಹೇಳಿ ಒಬ್ಬರನ್ನು ಕೆಡಿಸಿದ್ದರೆ ಕ್ಷಮೆ ಕೇಳಬಹುದಿತ್ತು. ನಿಜ ಹೇಳಿ ಕೆಡಿಸಿದ್ದಕ್ಕೆ ಏನು ಮಾಡಬೇಕೋ ತಿಳಿಯದು. ಪುಸ್ತಕ ತೆರೆಯುತ್ತೇನೆ, ಸಾಲು ಓಡುವುದಿಲ್ಲ.


೨೧ ಅಕ್ಟೋಬರ್, ಸೋಮವಾರ

ಅಂಬಾಳ ಮಗಳು ಬಂದಳು, ದೀಪಾವಳಿಗೆ, ಮೂರು ತಿಂಗಳ ಕೂಸಿನ ಜೊತೆ. ಹೊಸಿಲಲ್ಲಿ ನಿಲ್ಲಿಸಿದ್ದರು, ಆರತಿಗೆ. ಇಂಥ ಹೊತ್ತಿನಲ್ಲಿ ನಾನು ಹಿಂದಿನ ಕೋಣೆಯಲ್ಲಿರುತ್ತೇನೆ. ಯಾರೂ ಹೇಳುವುದಿಲ್ಲ, ನಾನೇ ಹೋಗುತ್ತೇನೆ. ಇವತ್ತು ಕನ್ನಡಕ ಅಡಿಗೆಮನೆಯಲ್ಲಿ ಮರೆತಿದ್ದೆ.

ಅಂಬಾ ತಾಟಿನಲ್ಲಿ ನೀರು ಹಾಕಿದಳು. ಚಿಟಿಕೆ ಅರಿಸಿನ. ನೀರು ಹಳದಿ. ಎಲೆಯಡಿಕೆಯ ತಬಕಿನಿಂದ ಬೆರಳ ತುದಿಯಲ್ಲಿ ಏನೋ ತೆಗೆದು ಕಲಕಿದಳು — ತಾಟು ತುಂಬ ಕೆಂಪು.

"ಅಂಬಾ… ಕುಂಕುಮ ಹಾಕಿದೇನ?"

"ಕುಂಕುಮ ಯಾಕ ಅಕ್ಕಾ? ಸುಣ್ಣ. ಅರಿಷಿಣಕ್ಕ ಸುಣ್ಣ ಬಿದ್ರ ಕೆಂಪಾಗತದ. ಆರತೀ ನೀರು ಹಿಂಗಽ ಅಲ್ಲೇನು ಮಾಡೂದು, ನಿಮಗ ಗೊ—"

ಅಲ್ಲಿಗೆ ನಿಲ್ಲಿಸಿದಳು. ನನಗೆ ಹೇಗೆ ಗೊತ್ತಿರಬೇಕು ಎಂದು ಅವಳಿಗೂ ಆಗ ಹೊಳೆಯಿತು.

"ಸುಣ್ಣ ಒಂದಽ ಏನು?"

"ಸಾಬಾಣ, ಸೋಡಾ, ಯಾವುದಾದ್ರೂ. ಸೀರೀ ಮ್ಯಾಲೆ ಹುಳಿ ಚೆಲ್ಲಿದ್ದಕ್ಕ ಸಾಬಾಣ ಹಚ್ಚಿ ನೋಡ್ರಿ."

ನನ್ನ ಸೀರೆ ಧೋಬಿ ಒಗೆಯುತ್ತಾನೆ. ಮೊದಲಿನಿಂದಲೂ.

"ಮತ್ತ ಹಳದಿ ಆಗೂದಿಲ್ಲೇನು?"

"ಆಗತದ. ಲಿಂಬೀಹಣ್ಣು ಹಿಂಡ್ರಿ. …ಅಕ್ಕಾ, ಯಾಕ ಕೂತ್ರಿ? ತಲೀ ತಿರಗತದೇನು?"

ಹೊಸಿಲಲ್ಲಿ ಕೂಸು ಅಳುತ್ತಿತ್ತು. ಅಂಬಾ ತಾಟು ಎತ್ತಿಕೊಂಡು ಹೋದಳು.


೨೨ ಅಕ್ಟೋಬರ್, ಮಂಗಳವಾರ

ಬೆಳಿಗ್ಗೆಯೇ ಶೆಡ್ಡು, ಸೆರಗಿನಲ್ಲಿ ಎರಡು ನಿಂಬೆಹಣ್ಣು. ದಸರೆಯಿಂದ ಬೀಗ ಹಾಕಿದ ಗಾಡಿ. ಮೇಜಿನ ಮೇಲಿನ ದೀಪದ ಹತ್ತಿರ ತುದಿಗಳು ಸುಟ್ಟಿಲ್ಲ. ನೋಡಿದೆ. ಅರಿಸಿನದ ನೂಲು ಕಟ್ಟಿದ ತುದಿಗಳೆಲ್ಲ ಕೆಂಪು. ಪಕ್ಕದ ರೇಶ್ಮೆಯಷ್ಟು ಹೊಳಪಿಲ್ಲ, ಸ್ವಲ್ಪ ಇಟ್ಟಿಗೆಯ ಛಾಯೆ. ಕತ್ತಲೆಯ ಪೆಟ್ಟಿಗೆಯೊಳಗೆ ತಲೆ ಹಾಕಿ ನೋಡಿದವನಿಗೆ ಎರಡೂ ಒಂದೇ.

ಅವನ ಕಣ್ಣು ಸರಿಯಾಗಿಯೇ ನೋಡಿತ್ತು.

ಒಂದು ಕೆಂಪು ತುದಿ, ಒಂದು ಹಳದಿಯಾಗಿದ್ದ ತುದಿ ಕತ್ತರಿಸಿಕೊಂಡು ಬಿಬವೇವಾಡಿಗೆ. ಟಾಂಗಾ ಅರ್ಧ ದಾರಿಗೆ ಬಿಟ್ಟಿತು. ಉಳಿದದ್ದು ಜೋಳದ ಹೊಲದ ಬದುವಿನ ಮೇಲೆ ನಡೆದೆ.

ಮುರುಗೆಪ್ಪ ಅಂಗಳದಲ್ಲಿ ಹೊರಸಿನ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದ. ಅವನ ಹೆಂಡತಿ ಭೀಮವ್ವ ಜೋಳ ಹಸನು ಮಾಡುತ್ತಿದ್ದಳು.

"ಬರ್ರೆವ್ವಾ," ಎಂದಳು. "ನೋಡ್ರಿ ನಮ್ಮ ಸೂರದಾಸನ್ನ. ಬಚ್ಚಲಕ್ಕ ಹೋಗಾಕ ನನ್ನ ಕೈ ಹಿಡೀತಾನ. ತಾಟಿನ್ಯಾಗ ಎರಡ ರೊಟ್ಟಿ ಕಮ್ಮಿ ಹಾಕಿದ್ರ ಮಾತ್ರ ಚಲೋ ಕಾಣತಾವ."

"ಸುಮ್ನಿರ," ಎಂದ ಮುರುಗೆಪ್ಪ.

ಎರಡೂ ತುದಿ ಅವನ ಮುಂದೆ ಹಿಡಿದೆ. ಯಾವ ಬಣ್ಣ? ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ತೆರೆದು, ಮೆಲ್ಲಗೆ: "ಎರಡೂ ಕೆಂಪ ಕಾಣತಾವ್ರಿ. ಯಾಕ ಮತ್ತ ಮತ್ತ ಕೇಳ್ತೀರಿ?"

ಎರಡನ್ನೂ ಅವನ ಅಂಗೈಯಲ್ಲಿಟ್ಟು, ನಿಂಬೆಹಣ್ಣು ಕೊಯ್ದು ಮೇಲೆ ಹಿಂಡಿದೆ. ರೇಶ್ಮೆ ಹಾಗೇ ಉಳಿಯಿತು. ನೂಲು ಅವನ ಅಂಗೈಯಲ್ಲೇ ಹಳದಿಗೆ ತಿರುಗಿತು.

ನಾನು ಎಲ್ಲ ಹೇಳಿದೆ. ಅರಿಸಿನ, ಸೋಡಾ, ನನಗೆ ತಿಳಿಯದೆ ಇದ್ದದ್ದು. ತಪ್ಪು ನನ್ನದು ಎಂದೆ. ಭೀಮವ್ವ ನಗಲಿಕ್ಕೆ ಬಾಯಿ ತೆರೆದವಳು ನನ್ನ ಬರಿ ಹಣೆ ನೋಡಿ ಮುಚ್ಚಿದಳು.

ಮುರುಗೆಪ್ಪ ಆ ತುದಿಯನ್ನು ಬಿಸಿಲಿಗೆ ಹಿಡಿದ, ನೆರಳಿಗೆ ಹಿಡಿದ. ಹೊಲದ ಕಡೆ ನೋಡಿದ. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

"ಅವತ್ತ ಯಾಕ ಕೇಳಲಿಲ್ಲ ಮುರುಗೆಪ್ಪ, ಎರಡೂ ಕೆಂಪ ಯಾಕ ಅಂತ?"

"ಅರವತ್ತರ ಮುದುಕ ಇದು ಯಾವ ಬಣ್ಣ ಅಂತ ಕೇಳಿದ್ರ ನಾಳೆ ಯಾರ ಕೆಲಸ ಕೊಡ್ತಾರ್ರಿ? ನೀವ ಹಳದಿ ಕಟ್ಟೀನಿ ಅಂದ ಮ್ಯಾಲ ನೀವ ಖರೇ, ನಾ ಸುಳ್ಳ ಅನ್ಕೊಂಡೆ." ಆಮೇಲೆ ಹೆಂಡತಿಯ ಕಡೆಗೆ — "ಹದಿನೇಳ ದಿನ ಬಿಟ್ಟೀ ಕುರುಡಾದೆ ನೋಡ."

"ನಾಳಿಂದ ನೀರ ನೀನ ಸೇದ," ಎಂದಳು ಭೀಮವ್ವ.


೨೯ ಅಕ್ಟೋಬರ್, ಮಂಗಳವಾರ

ಕಮಿಟಿ. ಮರಾಠಿಯಲ್ಲಿ ಎದ್ದು ನಿಂತು ಹೇಳಿದೆ. ಬಟ್ಟಲಲ್ಲಿ ಸೋಡಾ, ಇನ್ನೊಂದರಲ್ಲಿ ನಿಂಬೆರಸ ಇಟ್ಟು ತೋರಿಸಿದೆ. ಮುರುಗೆಪ್ಪನ ತಪ್ಪಿಲ್ಲ, ಗಂಗೂಬಾಯಿಯ ತಪ್ಪಿಲ್ಲ, ನನ್ನದು.

ಕಾರ್ಯದರ್ಶಿಗಳು ನಕ್ಕರು. ಬಾಯೀ, ಇದು ಪ್ರತಿ ಮನೆಯ ಹೆಂಗಸಿಗೂ ಗೊತ್ತು, ಎಂ.ಎ.ಯಲ್ಲಿ ಕಲಿಸಲಿಲ್ಲವೇ?

ಇಲ್ಲ, ಎಂದೆ. ಆರತಿಯ ನೀರು ಕಲಸಲು ನನ್ನನ್ನು ಯಾರೂ ಕರೆದಿಲ್ಲ.

ಪಾಠ ಹೇಳಿದ ಹಾಗೇ ಹೇಳಿದೆ. ಕಾರ್ಯದರ್ಶಿಗಳು ಕಾಗದ ಸರಿಪಡಿಸಿದರು. ನಿರ್ಣಯ ಹಿಂದೆ ತೆಗೆದುಕೊಂಡರು. ಮುರುಗೆಪ್ಪನೇ ಮಾಡಲಿ.

ಹೊರಗೆ ಲೀಲಾಕ್ಷಿ ನನ್ನ ಕೈ ಹಿಡಿದುಕೊಂಡಳು, ಅಷ್ಟೇ. ಕಾಂತಪ್ಪನ ಹೋಟೆಲಿಗೆ ಕರೆದುಕೊಂಡು ಹೋಗಿ ಎರಡು ದೋಸೆ ತಿನ್ನಿಸಿದಳು.


೯ ನವೆಂಬರ್, ಶನಿವಾರ

ಮುರುಗೆಪ್ಪನ ಕಣ್ಣನ್ನು ಲೀಲಾಕ್ಷಿ ಪರೀಕ್ಷಿಸಿದಳು. ಪೊರೆ ಈಗಷ್ಟೇ ಶುರು. ಇನ್ನೂ ಐದಾರು ವರ್ಷ ಅಡ್ಡಿ ಇಲ್ಲ.

ಹಳದಿ ರೇಶ್ಮೆ ಪೇಟೆಗೆ ಬಂದಿದೆ. ತಂದೆ. ಮುರುಗೆಪ್ಪ ಬೇಡವೆಂದ.

"ಅರಿಷಿಣದ್ದ ಇರ್ಲಿ ಅಕ್ಕಾವ್ರ. ಈ ಸಲ ಮೊದಲ ವಾರ್ನಿಶ್ ಹಚ್ಚೂಣು. ಮತ್ತ ಒಂದ ಕೆಲಸ ಮಾಡ್ರಿ. ಕೆಂಪಕ್ಕ ಒಂದ ಗಂಟ ಹಾಕ್ರಿ, ಹಳದಿಗಿ ಎರಡ. ಬೆರಳಿಗಿ ಸಿಗೂವಂಗ. ಐದಾರ ವರ್ಷ ಅಂದಾರ ಡಾಕ್ಟರು. ಆಮ್ಯಾಲೂ ಕೆಲಸ ನಿಲ್ಲಬಾರದಲ್ಲ."

ಮತ್ತೆ ಅರಿಸಿನ ಕಲಸಿದೆ. ಮತ್ತೆ ಅರವತ್ತೆಂಟು. ಮೂರು ನಾಲ್ಕು, ಮೂರು ನಾಲ್ಕು, ಕೊನೆಗೆ ಗಂಟು. ಷಟ್ಪದಿಗೂ ಮೂರನೆಯ, ಆರನೆಯ ಸಾಲಿನ ಕೊನೆಗೆ ಹೀಗೊಂದು ಗುರು ಬರುತ್ತದೆ, ಕಣ್ಣು ಮುಚ್ಚಿದರೂ ನಿಲ್ಲುವ ಜಾಗ ತಿಳಿಯಲೆಂದು.

ಎದುರ ಮನೆಯ ಕಾಕು ಬಂದು ನನ್ನ ಕೈ ನೋಡಿದರು. ಅಂಬಾ ಅವರಿಗೆ ಚಹಾ ಕೊಟ್ಟು ಬೇರೆ ಮಾತು ತೆಗೆದಳು.


೧೯ ನವೆಂಬರ್, ಮಂಗಳವಾರ. ಬೆಳಿಗ್ಗೆ

ಹೊರಟಿದ್ದೇವೆ. ಗಾಡಿ ಮನೆಯ ಮುಂದೆ ನಿಂತಿದೆ. ಅಂಬಾ ತಾಟು ತಂದಳು, ನೀರು ಹಳದಿಯಾಗಿತ್ತು. ನಾನು ಹಿಂದೆ ಸರಿಯುತ್ತಿದ್ದೆ.

"ಅಕ್ಕಾ, ನಿಲ್ರಿ." ಬೆರಳ ತುದಿಯ ಸುಣ್ಣವನ್ನು ನನ್ನ ಬೆರಳಿಗೆ ಹಚ್ಚಿದಳು. "ನೀವಽ ಕಲಸ್ರಿ. ಗಾಡಿ ನಿಮ್ಮದು."

ಕಲಸಿದೆ. ಎಷ್ಟು ಬೇಗ ಆಗುತ್ತದೆ! ಬೆರಳು ಒಂದು ಸುತ್ತು ತಿರುಗುವುದರೊಳಗೆ.

ಅವಳು ಬೆಳಗಿದಳು. ನಾನು ಎದುರಿಗೇ ನಿಂತಿದ್ದೆ.


೨೧ ನವೆಂಬರ್, ಗುರುವಾರ. ಸಂಜೆ ಆರು

ಇಂದಾಪುರದಿಂದ ನಾಲ್ಕು ಮೈಲು. ಕಬ್ಬಿನ ಹೊಲದ ಅಂಚಿಗೆ ಗಾಡಿ ನಿಲ್ಲಿಸಿದ್ದೇವೆ. ಎರಡು ದಿನ ಹೆಂಗಸರು ದೂರ ನಿಂತು ನೋಡಿ ಹೋದರು. ಈಗ ಒಂದು ಚಕ್ಕಡಿ ಬಂದಿದೆ. ಇಪ್ಪತ್ತರ ಹೆಂಗಸು, ಚೊಚ್ಚಲು, ಬೆಳಗಿನಿಂದ ನೋವು. ಗಂಗೂಬಾಯಿ ಮೇಜಿನ ಮೇಲೆ ಮಲಗಿಸುತ್ತಿದ್ದಾಳೆ. ನೀರಿಟ್ಟಿದ್ದೇನೆ. ಕಾಯುವವರೆಗೆ ಈ ನಾಲ್ಕು ಸಾಲು.

ಹೊತ್ತು ಮುಳುಗಿತು. ಮುರುಗೆಪ್ಪ ನಮ್ಮ ಜೊತೆಗೇ ಬಂದಿದ್ದಾನೆ, ಮೊದಲ ಸಲ ತಾನಿರಬೇಕೆಂದು. ಈಗಷ್ಟೇ ಬ್ಯಾಟರಿಯ ಪೆಟ್ಟಿಗೆ ತೆಗೆದು ಕುಳಿತ. ಕಂದೀಲು ತರಲೇ ಎಂದೆ. ಬೇಡವೆಂದು ತಲೆಯಾಡಿಸಿ ಕಣ್ಣು ಮುಚ್ಚಿದ. ಬೆರಳುಗಳು ಒಂದು ಗಂಟಿನ ಮೇಲೆ ಹೋದವು. "ಹೋಗೂದು." ಎರಡು ಗಂಟಿನ ಮೇಲೆ. "ಬರೂದು." ಕಣ್ಣು ತೆರೆದು ನೋಡಿಕೊಂಡ. ನಕ್ಕ.

"ಹಚ್ಚರಿ ಅಕ್ಕಾವ್ರ."

ಹಚ್ಚಿದೆ. ಮೇಜಿನ ತುಂಬ ಬಿಳಿ ಬೆಳಕು. ಆ ಹೆಂಗಸು ಹೆದರಿ ಕಣ್ಣು ಮುಚ್ಚಿ, ಆಮೇಲೆ ಒಂದೊಂದಾಗಿ ತೆರೆದಳು. ಲೀಲಾಕ್ಷಿ ಬಾಗಿ ನೋಡಿ, "ಎಲ್ಲ ಸರಿ ಕಾಣ್ತದೆ ಗೋದಾಬಾಯಿ. ಕೆಂಪು ಕೆಂಪಾಗಿಯೇ ಉಂಟು. ನೀರು ತನ್ನಿ, ಹೆಸರು ಬರೆದುಕೊಳ್ಳಿ," ಎಂದಳು.

ನೀರು ಕಾದಿದೆ. ಅವಳ ಹೆಸರು —